ಅಂಗೈಯಷ್ಟು ಮುಖ

ಚಳಿಗಾಲ ಮುಗಿಯುತ್ತ ಬಂದಿತ್ತು. ಬೆಳಗಿನ ಹೊತ್ತು ಕಲ್ಲುಗಳು ಇನ್ನೂ ಕೈ ಕೊರೆಯುವಷ್ಟು ತಣ್ಣಗಿರುತ್ತಿದ್ದವು. ಹಾಗಾಗಿ ಬಿಸಿಲು ಇಳಿಜಾರಿನ ಅರ್ಧಕ್ಕೆ ಬರುವವರೆಗೆ ಎಡಚ ಸಣ್ಣಪುಟ್ಟ ಕೆಲಸವನ್ನಷ್ಟೇ ಹಿಡಿಯುತ್ತಿದ್ದ. ಗೋಡೆಯ ಹೊಟ್ಟೆಗೆ ಚಕ್ಕೆಕಲ್ಲು ತುಂಬುವುದು, ಅಲ್ಲಾಡುವ ಕಲ್ಲಿನ ಅಡಿಗೆ ಬೆಣೆ ಕೊಡುವುದು, ಹಿಂದಿನ ದಿನ ಕಟ್ಟಿದ್ದನ್ನು ದೂರ ನಿಂತು ಒಂದು ಸಲ, ಕೂತು ಒಂದು ಸಲ ನೋಡುವುದು. ಕಲ್ಲಿನ ಮೈ ಬೆಚ್ಚಗಾದ ಮೇಲೆಯೇ ದೊಡ್ಡವನ್ನು ಮುಟ್ಟುತ್ತಿದ್ದ.

ಹಣ್ಣಿನ ತೋಟದ ಮೇಲಂಚಿನಲ್ಲಿ, ದನ ಮೇಯುವ ಬಯಲಿಗೂ ತೋಟಕ್ಕೂ ನಡುವೆ, ಅವನ ಗೋಡೆ ಗೇಟಿನಿಂದ ಹಿಡಿದು ತೊರೆಯ ದಂಡೆಯವರೆಗೆ ಹೋಗಿತ್ತು. ಗಾರೆಯಿಲ್ಲ, ಮಣ್ಣಿಲ್ಲ. ಕಲ್ಲಿನ ಮೇಲೆ ಕಲ್ಲು ಕೂತು ತಮ್ಮ ಭಾರದಿಂದಲೇ ಒಂದನ್ನೊಂದು ಹಿಡಿದು ನಿಲ್ಲಬೇಕಾದ ಗೋಡೆ. ಎದೆಯೆತ್ತರ ಬಂದಾಗಿತ್ತು. ಮೇಲೆ ಸಾಲಾಗಿ ತಲೆಗಲ್ಲು ಹೊದಿಸಿದರೆ ಕೆಲಸ ಮುಗಿಯಿತು.

ತಲೆಗಲ್ಲಿನ ಕೊನೆಯ ಹೇರನ್ನು ಇಳಿಸುತ್ತ ಟ್ರ್ಯಾಕ್ಟರಿನವನು, "ಏನ್ ಎಡಚಣ್ಣ, ಇವತ್ತಾದ್ರೂ ಗೋಡೆಗೆ ಟೋಪಿ ಹಾಕ್ತೀಯೋ, ಇಲ್ಲ ಬರಿತಲೇಲೇ ನಿಲ್ಲಿಸ್ತೀಯೋ? ಪಾಪ, ಚಳಿ ಅದಕ್ಕೆ," ಅಂದ.

"ಮಾವ ಇನ್ನೂ ಸವರಿಲ್ಲ."

"ಸವರಿದ್ರೆ ಏನಂತಾರೆ ಅಂತ ನಾನೇ ಹೇಳ್ತೀನಿ ಕೇಳು." ಅವನು ಬೆನ್ನು ಬಗ್ಗಿಸಿ, ಬಾಯಿ ಒಂದು ಪಕ್ಕಕ್ಕೆ ವಾಲಿಸಿ, "ಚೆನ್ನಾಗಿದೆ," ಅಂದ. "ಮೊನ್ನೆ ನನ್ನ ಟ್ರ್ಯಾಕ್ಟರ್ ನೋಡಿದ್ರೂ ಹಂಗೇ ಅಂದ್ರು. ಸೈಲೆನ್ಸರ್ ಬಿದ್ದೋಗಿ ಊರಿಗೆ ಊರೇ ನನಗೆ ಬೈತಾ ಇತ್ತು. ನಿಮ್ಮ ಮಾವ ಒಬ್ರೇ ನೋಡು, ಹೊಗಳಿದೋರು."

ಎಡಚ ನಕ್ಕ. ನಕ್ಕ ಮೇಲೆ ನಗಬಾರದಿತ್ತು ಅನ್ನಿಸಿ, ಬಗ್ಗಿ ಒಂದು ಚಕ್ಕೆಯನ್ನು ಎತ್ತಿಕೊಂಡು ಅದಕ್ಕೊಂದು ಸಂದು ಹುಡುಕಿದ.

ಟ್ರ್ಯಾಕ್ಟರಿನವನು ಹೊರಡುವ ಮುಂಚೆ ಗೋಡೆಯ ನಡುಮಧ್ಯಕ್ಕೆ ಹೋಗಿ ನಿಂತ. ಬಂದಾಗಲೆಲ್ಲ ಹಾಗೆ ನಿಲ್ಲುತ್ತಿದ್ದ. ಅಲ್ಲಿ, ಮೇಲಿನಿಂದ ಎರಡನೆಯ ವರಸೆಯಲ್ಲಿ, ಒಂದೂವರೆ ಮೊಳ ಉದ್ದದ ಒಂದು ಕಲ್ಲಿತ್ತು. ಸುಟ್ಟ ಮಡಕೆಯ ಕೆಂಪು ಬಣ್ಣ, ಯಾರೋ ಉಜ್ಜಿ ಇಟ್ಟ ಹಾಗೆ ನಯ, ನಡುವೆ ಈ ತುದಿಯಿಂದ ಆ ತುದಿಗೆ ಬಿಳಿಯ ಒಂದು ಎಳೆ. ಹೇರಿನಲ್ಲಿ ಅದು ಬಂದ ದಿನವೇ ಅವನು, "ಇದು ನನ್ನ ಕಡೆಯಿಂದ ಉಡುಗೊರೆ, ಎಲ್ಲರಿಗೂ ಕಾಣೋ ಹಾಗೆ ಇಡಪ್ಪ," ಅಂದಿದ್ದ. ತೋಟದ ಯಜಮಾನರು ಸಂಜೆಯ ಸುತ್ತಾಟಕ್ಕೆ ಬಂದವರು ಅದನ್ನು ಕಂಡು, "ಈ ಕಲ್ಲೊಂದು ಸಾಕು ಕಣಪ್ಪ, ಗೋಡೆಗೆಲ್ಲ ಕಳೆ ಬಂತು," ಅಂದಿದ್ದರು. ಆಮೇಲೆ ಮನೆಗೆ ಬಂದ ನೆಂಟರನ್ನೂ ಕರೆತಂದು ತೋರಿಸಿದ್ದರು.

ಉದ್ದ ಕಲ್ಲನ್ನು ಮುಖಕ್ಕೆ ಮಲಗಿಸಿ ಕಟ್ಟುವುದಿಲ್ಲ. ಅದನ್ನು ಗೋಡೆಯ ಒಳಕ್ಕೆ ನೂಕಬೇಕು. ಈ ಮುಖವನ್ನೂ ಆ ಮುಖವನ್ನೂ ಅದು ಕಟ್ಟಿ ಹಿಡಿಯಬೇಕು. ಹೊರಗೆ ಕಾಣುವುದು ಅದರ ತುದಿ ಮಾತ್ರ. ಎಡಚ ಕೆಲಸಕ್ಕೆ ಸೇರಿದ ಮೊದಲ ವಾರವೇ ದೊಡ್ಡ ಮೇಸ್ತ್ರಿ ಅವನ ಕೈಯಿಂದ ಒಂದು ಕಲ್ಲು ಕಿತ್ತುಕೊಂಡು, "ಉದ್ದ ಒಳಗೆ ಹೋಗ್ಲಿ. ನೋಡೋರಿಗೆ ಅಂಗೈಯಷ್ಟು ಮುಖ ಸಾಕು. ಇದು ಗೋಡೆ, ಹೆಣ್ಣು ತೋರಿಸೋ ಶಾಸ್ತ್ರ ಅಲ್ಲ," ಎಂದಿದ್ದರು. ಅದು ಗೊತ್ತಿದ್ದೂ ಈ ಒಂದು ಕಲ್ಲನ್ನು ಅವನು ಮಲಗಿಸಿದ್ದ. ಅಕ್ಕಪಕ್ಕದಲ್ಲಿ ಒಳಹೊಕ್ಕ ಕಲ್ಲುಗಳಿವೆ, ಹಿಡಿದುಕೊಳ್ಳುತ್ತವೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಹೊಸ ಬಟ್ಟೆ ಹಾಕಿಕೊಂಡವನು ಕನ್ನಡಿಯ ಮುಂದೆ ಹಾಯುವ ಹಾಗೆ ದಿನಕ್ಕೊಂದೆರಡು ಸಲ ಅದರ ಮುಂದೆ ಹಾಯುತ್ತಿದ್ದ.

ಈ ಕಸುಬಿನವರಲ್ಲಿ ಒಂದು ನಡೆ ಇತ್ತು. ಗೋಡೆ ಎದೆಯೆತ್ತರ ಬಂದ ಮೇಲೆ, ತಲೆಗಲ್ಲು ಹಾಕುವ ಮುಂಚೆ, ಕಟ್ಟಿದವನಿಗಿಂತ ಹಿರಿಯನೊಬ್ಬ ಬಂದು ಗೋಡೆಯನ್ನು ಸವರಬೇಕು. ಕಣ್ಣು ಅರೆಮುಚ್ಚಿ, ಅಂಗೈಯನ್ನು ಕಲ್ಲಿನ ಮೇಲೆ ಇಟ್ಟು, ಈ ತುದಿಯಿಂದ ಆ ತುದಿಗೆ ನಡೆಯಬೇಕು. ಕೈ ನಿಂತಲ್ಲಿ ತಪ್ಪು. ಅದನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದ್ದಕ್ಕೆ ಕಟ್ಟಿದವನು ಕೆಟಲಿನಿಂದ ಬಗ್ಗಿಸಿದ ಮೊದಲ ಲೋಟ ಚಹಾ ಕೊಡಬೇಕು, ಒಂದು ತಪ್ಪಿಗೆ ಒಂದು ಲೋಟ. ಕುಡಿದವನು ಖಾಲಿ ಲೋಟವನ್ನು ಗೋಡೆಯ ಮೇಲೆ ಬೋರಲು ಹಾಕಿದರೆ ಅಲ್ಲಿಗೆ ಲೆಕ್ಕ ಚುಕ್ತಾ. ತಪ್ಪಿಲ್ಲದ ಗೋಡೆಯನ್ನು ಯಾರೂ ಕಂಡಿರಲಿಲ್ಲ. ತಪ್ಪಿಲ್ಲ ಎಂದು ಯಾರಾದರೂ ಹೇಳಿದರೆ ಅದು ದೊಡ್ಡ ಅವಮಾನ. ನಿನ್ನ ಗೋಡೆ ಸವರುವಷ್ಟಕ್ಕೂ ಇಲ್ಲ ಅಂದಂತೆ.

ದೊಡ್ಡ ಮೇಸ್ತ್ರಿ ಹಾಗೆ ಯಾರಿಗೂ ಅಂದವರಲ್ಲ. ಎಡಚನ ಮೊದಲ ಗೋಡೆ ಸವರಿದ ದಿನ ಅವರು ಕುಡಿದ ಚಹಾಕ್ಕೆ ರಾತ್ರಿ ಊಟ ಸೇರಿರಲಿಲ್ಲ. "ಈ ಕಲ್ಲಿಗೂ ಪಕ್ಕದ್ದಕ್ಕೂ ಮಾತುಕತೆ ಇಲ್ವೇನೋ? ಮುಖ ತಿರುಗಿಸ್ಕೊಂಡು ಕೂತಿವೆ." "ಇದನ್ನ ಕಟ್ಟಿದ್ದೋ, ಕೈಜಾರಿ ಬಿದ್ದಿದ್ದೋ?" "ನಿನಗಿಲ್ಲದ ನಾಚಿಕೆ ನಿನ್ನ ಗೋಡೆಗಿದೆ ನೋಡು, ತಲೆ ಬಗ್ಗಿಸಿ ನಿಂತಿದೆ." ಎಡಗೈಯಲ್ಲಿ ಸುತ್ತಿಗೆ ಹಿಡಿಯುವುದನ್ನಂತೂ ಅವರು ಎಂದೂ ಒಪ್ಪಲಿಲ್ಲ. ಹುಟ್ಟಿನಿಂದ ಬಂದದ್ದನ್ನೂ ಇವನ ಸೋಮಾರಿತನಕ್ಕೇ ಸೇರಿಸಿ ಬೈಯುತ್ತಿದ್ದರು. ಆದರೂ ಮಗಳನ್ನು ಕೊಡುವ ಹೊತ್ತು ಬಂದಾಗ ಅವನಿಗೇ ಕೊಟ್ಟರು. ಯಾಕೆಂದು ಯಾರೋ ಕೇಳಿದ್ದಕ್ಕೆ, "ಕಟ್ಟೋಕೇನೂ ಬರಲ್ಲ ಅವನಿಗೆ. ಆದರೆ ಬಿಚ್ಚಿ ಕಟ್ಟು ಅಂದ್ರೆ ಬಿಚ್ಚಿ ಕಟ್ತಾನೆ," ಅಂದಿದ್ದರು. ಅವರ ಬಾಯಿಂದ ಎಡಚ ಕೇಳಿದ ಒಳ್ಳೆಯ ಮಾತು ಇದೊಂದೇ. ಅದು ಒಳ್ಳೆಯದೋ ಅಲ್ಲವೋ ಎಂಬುದು ಅವನಿಗೆ ಇನ್ನೂ ಇತ್ಯರ್ಥವಾಗಿರಲಿಲ್ಲ.

ಕಳೆದ ಮಳೆಗಾಲದಲ್ಲಿ ದೊಡ್ಡ ಮೇಸ್ತ್ರಿ ಹಿತ್ತಿಲಲ್ಲಿ ಕುಸಿದು ಬಿದ್ದರು. ಆಸ್ಪತ್ರೆಯಿಂದ ಬರುವಾಗ ಬಲಗೈ ತೋಳಿನಿಂದ ಜೋತಾಡುತ್ತಿತ್ತು. ಬಲಗಾಲು ಎಳೆದರೆ ಬರುತ್ತಿತ್ತು. ಮಾತೆಲ್ಲ ಹೋಗಿ ಒಂದೇ ಒಂದು ಉಳಿದಿತ್ತು. ಕೆಲವರಿಗೆ ಹೀಗೆ ಒಂದು ಮಾತು ಉಳಿದುಬಿಡುತ್ತದೆ, ಯಾವುದು ಉಳಿಯುತ್ತದೆಂದು ನಾವು ಹೇಳಲಾರೆವು ಎಂದಿದ್ದರು ಡಾಕ್ಟರು. ಇವರಿಗೆ ಉಳಿದದ್ದು ಆವರೆಗೆ ಅವರು ಆಡಿಯೇ ಇರದ ಮಾತು: ಚೆನ್ನಾಗಿದೆ. ಗಂಜಿ ಕೊಟ್ಟರೆ ಚೆನ್ನಾಗಿದೆ. ಜ್ವರ ಬಂದರೆ ಚೆನ್ನಾಗಿದೆ. ಓಣಿಯವರಿಗೆ ಇದು ತಮಾಷೆಯಾಯಿತು, ಆಮೇಲೆ ಅಭ್ಯಾಸವಾಯಿತು. "ಮುದುಕರು ಮೆತ್ತಗಾದ್ರು," ಎಂದು ಮೆಚ್ಚಿಕೊಂಡವರೂ ಇದ್ದರು.

ಗೋಡೆಯನ್ನು ಸವರಲು ಬೇರೆ ಹಿರಿಯರು ಇರಲಿಲ್ಲವೆಂದಲ್ಲ. ತೊರೆಯಾಚೆ ಒಬ್ಬರಿದ್ದರು, ಕರೆದರೆ ಬರುತ್ತಿದ್ದರು. ಎಡಚ ಕರೆದಿರಲಿಲ್ಲ.

ಅವನು ಸಂಜೆ ಮನೆಗೆ ಬಂದಾಗ ಮಾವ ಬಾಗಿಲ ಬಳಿಯ ಕುರ್ಚಿಯಲ್ಲಿದ್ದರು. ಅವರ ಕಾಲ ಬಳಿ ನೆಲದ ಮೇಲೆ ಪುಸ್ತಕ ಹರಡಿಕೊಂಡು ಎಡಚನ ಮಗಳು ಕೂತಿದ್ದಳು. ಹೆಂಡತಿ ಒಲೆಯ ಮುಂದಿದ್ದಳು.

"ಹೊಗಳೋದಕ್ಕೆ ಇಂಗ್ಲಿಷಲ್ಲಿ ಪ್ರೇಸ್," ಅನ್ನುತ್ತಿದ್ದಳು ಮಗಳು. "ಅದಕ್ಕೆ ವಿರುದ್ಧ ಇರೋ ಮಾತೆಲ್ಲ ಕಲಿಯಬೇಕಮ್ಮ. ಯಾವುದನ್ನ ಎಲ್ಲಿ ಆಡಬೇಕು ಅಂತಾನೂ ಹೇಳಬೇಕಂತೆ. ಎಷ್ಟೊಂದಿವೆ ಗೊತ್ತಾ?"

"ಬೈಯೋದು ಕಲಿಯೋಕೂ ಸ್ಕೂಲಿಗೆ ಹೋಗ್ಬೇಕಾ? ಹೋದ ವರ್ಷ ತಾತನ್ನ ಕೇಳಿದ್ರೆ ಕೂತ ಜಾಗದಲ್ಲೇ ಕಲಿಸ್ತಿದ್ರು."

"ಇದು ಇಂಗ್ಲಿಷಮ್ಮ."

"ಇಂಗ್ಲಿಷರ ಗೋಡೆ ನೆಟ್ಟಗಿರುತ್ತಾ? ಅವರೂ ಬೈದೇ ಇರ್ತಾರೆ. ಹೇಳು, ಏನೇನಿದೆ?"

ಮಗಳು ಬೆರಳಿಟ್ಟು ಓದಿದಳು. "ಬ್ಲೇಮ್ ಅಂದ್ರೆ ಇಂಥೋನೇ ಮಾಡಿದ್ದು ಅಂತ ಹೊರಿಸೋದು. ಸ್ಕೋಲ್ಡ್ ಅಂದ್ರೆ ಮಾಮೂಲಿ ಬೈಗುಳ, ನೀನು ನನಗೆ ಬೆಳಗ್ಗೆ ಎದ್ದ ತಕ್ಷಣ ಮಾಡ್ತೀಯಲ್ಲ, ಅದು. ರೆಬ್ಯೂಕ್, ಮುಖಕ್ಕೆ ಹೊಡೆದ ಹಾಗೆ ಗದರೋದು. ಕಂಡೆಮ್ ಅಂದ್ರೆ ಇದು ಇನ್ನು ಕೆಲಸಕ್ಕೆ ಬರಲ್ಲ ಅಂತ ತೀರ್ಮಾನ ಮಾಡಿಬಿಡೋದು. ಬಿಲಿಟಲ್, ಎದುರಿಗಿರೋನನ್ನ ಆಡ್ಕೊಂಡು ಚಿಕ್ಕೋನು ಮಾಡೋದು."

"ಅದು ಟ್ರ್ಯಾಕ್ಟರಿನವನ ಕಸುಬು," ಅಂದ ಎಡಚ, ಕೈಕಾಲು ತೊಳೆದು ಒಳಗೆ ಬರುತ್ತ.

"ಚೆನ್ನಾಗಿದೆ," ಅಂದರು ಮಾವ.

ಎಡಚ ಟವೆಲಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. "ತಾತ ನನಗೆ ಮಾಡ್ತಿದ್ರಲ್ಲ, ಅದು ಇದರಲ್ಲಿ ಯಾವುದಮ್ಮ?"

ಮಗಳು ಪುಟದ ಮೇಲಿಂದ ಕೆಳಕ್ಕೆ ನೋಡಿದಳು. "ಕ್ರಿಟಿಸೈಸ್ ಇರ್ಬೇಕಪ್ಪ. ತಪ್ಪು ಹುಡುಕಿ ಹೇಳೋದು."

"ಹೇಳಿದ ಮೇಲೆ?"

"ಹೇಳಿದ ಮೇಲೆ ಏನು?"

"ಹೇಳಿದ ಮೇಲೆ ಅಲ್ಲೇ ನಿಂತ್ಕೊಂಡು, ಸರಿ ಆಗೋವರೆಗೂ ಮನೆಗೆ ಹೋಗದೆ ಇರೋದು. ಅದಕ್ಕೆ?"

"ಅದು ಈ ಪಾಠದಲ್ಲಿಲ್ಲ," ಅಂದಳು ಮಗಳು.

ಊಟಕ್ಕೆ ಕೂತಾಗ ಹೆಂಡತಿ ಅಪ್ಪನಿಗೆ ತುತ್ತು ಕಲಸಿ ಎಡಗೈಗೆ ಕೊಡುತ್ತಿದ್ದಳು. ತಿಂಗಳ ಹಿಂದೆ ಒಂದು ಸಂಜೆ ಅವಳು ಅಪ್ಪನ ತಟ್ಟೆಗೆ ಬೇಕೆಂದೇ ಎರಡು ಸಲ ಉಪ್ಪು ಹಾಕಿದ್ದಳು. ಮೊದಲಾದರೆ ಒಂದು ಕಲ್ಲು ಉಪ್ಪು ಹೆಚ್ಚಾದರೂ ತಟ್ಟೆಯನ್ನು ಮುಂದಕ್ಕೆ ತಳ್ಳಿ, ಸಮುದ್ರದ ನೆಂಟಸ್ತನ ಯಾವಾಗ ಆಯಿತು ಎಂದು ಕೇಳುತ್ತಿದ್ದರು. ಅವತ್ತು ಪೂರಾ ತಿಂದು, ಚೆನ್ನಾಗಿದೆ ಅಂದು, ನೀರಿಗೆ ಕೈಚಾಚಿದರು. ಅವಳು ಹಿತ್ತಿಲಿಗೆ ಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು. ಗಂಡನಿಗೆ ಇದನ್ನು ಹೇಳಿದ್ದು ಎಷ್ಟೋ ದಿನದ ಮೇಲೆ.

"ನಾಳೆ ಇವಳಿಗೂ ರಜಾ," ಅಂದಳು ಈಗ. "ಅಪ್ಪನ್ನ ಗೋಡೆ ಹತ್ರ ಕರ್ಕೊಂಡು ಬರ್ತೀವಿ."

ಎಡಚ ತಟ್ಟೆ ನೋಡಿದ. "ಅಷ್ಟು ದೂರ ಯಾಕೆ ತೊಂದರೆ ಅವರಿಗೆ."

"ತೊಂದರೆ ಅವರಿಗೋ, ನಿಮಗೋ?"

"ಅಲ್ಲಿಗೂ ಬಂದು ಹಾಗೇ ಅಂದುಬಿಟ್ರೆ?"

ಅವಳು ಅಪ್ಪನ ಗಲ್ಲಕ್ಕೆ ಹತ್ತಿದ್ದ ಅಗುಳನ್ನು ಒರೆಸಿದಳು. "ಅಂದ್ರೆ ಅನ್ಲಿ. ಒಳಗೆ ನಮ್ಮಪ್ಪ ಇದಾರೋ ಇಲ್ವೋ ಅಂತ ನನಗೂ ಒಂದು ಸಲ ಗೊತ್ತಾಗ್ಲಿ. ಅಡುಗೆಮನೇಲಿ ಗೊತ್ತಾಗಲಿಲ್ಲ. ಗೋಡೆ ಹತ್ರಾನೂ ಗೊತ್ತಾಗ್ಲಿಲ್ಲ ಅಂದ್ರೆ, ಇನ್ನು ಉಪ್ಪು ಸರಿಯಾಗೇ ಹಾಕ್ತೀನಿ."

ಮರುದಿನ ಬಿಸಿಲು ಚೆನ್ನಾಗಿ ಏರಿದ ಮೇಲೆ ಟ್ರ್ಯಾಕ್ಟರಿನವನು ಟ್ರೇಲರಿನಲ್ಲಿ ಕುರ್ಚಿ ಕಟ್ಟಿ ದೊಡ್ಡ ಮೇಸ್ತ್ರಿಯನ್ನು ಕೂರಿಸಿಕೊಂಡು ಬಂದ. ದಾರಿಯುದ್ದಕ್ಕೂ ಹಳ್ಳ ತಪ್ಪಿಸಿ ಮೆಲ್ಲಗೆ ಓಡಿಸಿದ್ದ; ಇಳಿಸುವಾಗ ಮಗುವನ್ನು ಇಳಿಸುವ ಹಾಗೆ ಕಂಕುಳಿಗೆ ಕೈಕೊಟ್ಟು ಇಳಿಸಿದ. "ಪ್ರಯಾಣ ಹೆಂಗಿತ್ತು ತಾತ?" ಅಂದ. "ಚೆನ್ನಾಗಿದೆ," ಅಂದರು. "ನೋಡಿ, ಬಾಡಿಗೆ ಕೊಡದೇ ಇರೋರು ಕೂಡ ಒಪ್ಕೋತಾರೆ," ಎಂದು ಅವನು ಎಲ್ಲರ ಮುಖ ನೋಡಿದ. ಎಡಚನ ಹೆಂಡತಿ ಬಟ್ಟೆ ಸುತ್ತಿದ ಕೆಟಲನ್ನು ಎದೆಗವಚಿಕೊಂಡು ಇಳಿದಳು, ಹಿಂದೆಯೇ ಮಗಳು. ಯಜಮಾನರೂ ಬೆನ್ನ ಹಿಂದೆ ಕೈಕಟ್ಟಿಕೊಂಡು ಬಂದು ನಿಂತರು.

ಗೇಟಿನ ಕಡೆಯಿಂದ ಶುರು ಮಾಡುವುದು ವಾಡಿಕೆ. ಗೋಡೆ ಬಲಗಡೆಗೆ ಬರುವಂತೆ ನಡೆಯುತ್ತ, ಬಲ ಅಂಗೈಯಲ್ಲಿ ಸವರುತ್ತ ಹೋಗುವುದು. ದೊಡ್ಡ ಮೇಸ್ತ್ರಿ ಎಡಗೈಯಲ್ಲಿ ಕೋಲು ಊರಿ ನಿಂತರು. ಬಲಗೈ ಗೋಡೆಯ ಪಕ್ಕದಲ್ಲಿ ಜೋತುಬಿದ್ದಿತ್ತು. ಎಡಚ ಸ್ವಲ್ಪ ಹೊತ್ತು ನೋಡಿ, ಮಾವನ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ಬೆರಳುಗಳನ್ನು ಬಿಡಿಸಿ, ಮೊದಲ ಕಲ್ಲಿನ ಮೇಲೆ ಇಟ್ಟ. ಅದು ಒದ್ದೆ ಬಟ್ಟೆಯ ಹಾಗೆ ಕಲ್ಲಿನಿಂದ ಜಾರಿತು. ಮತ್ತೆ ಇಟ್ಟ. ಜಾರಿತು. ಆಮೇಲೆ ಹಿಡಿದುಕೊಂಡೇ ನಡೆದ. ಮಾವನ ಕಣ್ಣು ಗೋಡೆಯ ಮೇಲಿರಲಿಲ್ಲ. ತೋಟದ ಮರಗಳ ಮೇಲೆ, ಬಯಲಿನಲ್ಲಿ ಮೇಯುತ್ತಿದ್ದ ದನಗಳ ಮೇಲೆ, ಮುಂದೆ ಮುಂದೆ ಹಾರಿ ಕೂರುತ್ತಿದ್ದ ಒಂದು ಹಕ್ಕಿಯ ಮೇಲೆ ಇತ್ತು.

"ಚೆನ್ನಾಗಿದೆ," ಅಂದರು ಹಕ್ಕಿಗೆ.

ಕೆಂಪು ಕಲ್ಲಿನ ಬಳಿ ಬಂದಾಗ ಎಡಚನ ನಡಿಗೆ ತಾನಾಗಿ ನಿಧಾನವಾಯಿತು. ಮಾವನ ನಿರ್ಜೀವ ಬೆರಳುಗಳು ಬಿಳಿಯ ಎಳೆಯ ಮೇಲೆ ಉದ್ದಕ್ಕೂ ಹಾದವು. "ಚೆನ್ನಾಗಿದೆ," ಅಂದರು ಮಾವ, ಎದುರಿನ ಗಾಳಿಗೆ. ಕೋಲು ಮುಂದಕ್ಕೆ ಹೋಯಿತು. ಹೀಗೇ ತೊರೆಯ ದಂಡೆ ಬಂತು, ಗೋಡೆ ಮುಗಿಯಿತು. ಅಲ್ಲಿ ಒಂದು ಚಪ್ಪಟೆ ಕಲ್ಲಿನ ಮೇಲೆ ಅವರನ್ನು ಕೂರಿಸಿದರು. ಮೊಮ್ಮಗಳು ಕೋಲನ್ನು ಇಸಿದುಕೊಂಡಳು.

ಯಜಮಾನರು ಸಂತೋಷದಿಂದ, "ಅವರ ಬಾಯಿಂದಲೇ ಆಯ್ತಲ್ಲಪ್ಪ. ಇನ್ನೇನು, ಹೊದಿಸಿಬಿಡು," ಅಂದರು.

ತಪ್ಪೇ ಸಿಗದಿದ್ದರೆ ಏನು ಮಾಡಬೇಕೆಂದು ಕಸುಬಿನಲ್ಲಿ ಯಾರೂ ಹೇಳಿರಲಿಲ್ಲ, ಹಾಗೆಂದೂ ಆಗಿರಲಿಲ್ಲ. ಹೆಂಡತಿ ಕೆಟಲಿನ ಬಟ್ಟೆ ಬಿಚ್ಚಲಿಲ್ಲ. ತೊರೆಯ ನೀರನ್ನು ನೋಡುತ್ತ ನಿಂತವಳು, ಆಮೇಲೆ ಸೆರಗಿನಿಂದ ಅಪ್ಪನ ಹಣೆಯ ಬೆವರನ್ನು ಒರೆಸಿದಳು. "ಹೋಗೋಣ ಬಾಪ್ಪ, ಬಿಸಿಲಾಯ್ತು," ಅಂದಳು. ಎಡಚ ಗೋಡೆಯ ನಡುವಿಗೆ ಹೋಗಿ, ಟ್ರ್ಯಾಕ್ಟರಿನವನ ಜೊತೆ ಸೇರಿ ಮೊದಲ ತಲೆಗಲ್ಲನ್ನು ತೊಡೆಯ ಎತ್ತರಕ್ಕೆ ಎತ್ತಿದ. ಅದು ಭಾರವಾಗಿಯೇನೂ ಇರಲಿಲ್ಲ. ಆದರೂ ಅಲ್ಲಿಂದ ಮೇಲಕ್ಕೆ ಎತ್ತಲು ಅವನ ಕೈ ತಡೆಯಿತು.

ವಾಪಸ್ಸು ಬರುವಾಗ ಹೆಂಡತಿ ಅಪ್ಪನ ಬಲದೋಳನ್ನು ತನ್ನ ಹೆಗಲಿಗೆ ಹಾಕಿಕೊಂಡಿದ್ದಳು. ಕೋಲು ಇನ್ನೂ ಮೊಮ್ಮಗಳ ಕೈಯಲ್ಲೇ ಇತ್ತು. ಅವಳು ಅದನ್ನು ಹುಲ್ಲಿನ ಮೇಲೆ ಆಡಿಸುತ್ತ ಹಿಂದೆ ಬರುತ್ತಿದ್ದಳು. ಒಂದೆರಡು ಹೆಜ್ಜೆ ಹೋಗುವುದರೊಳಗೆ ದೊಡ್ಡ ಮೇಸ್ತ್ರಿಗೆ ವಾಲಿದಂತಾಗಿ, ಊರಲು ಎಡಗೈಗೆ ಏನಾದರೂ ಬೇಕಾಯಿತು. ಈಗ ಆ ಪಕ್ಕದಲ್ಲಿ ಗೋಡೆಯಿತ್ತು. ಹಿಡಿದುಕೊಂಡರು. ಹಿಡಿದದ್ದನ್ನು ಬಿಟ್ಟು ಮುಂದಿನ ಕಲ್ಲು ಹಿಡಿದರು. ಮತ್ತೊಂದು. ಆಮೇಲೆ ಹಿಡಿಯುವುದು ನಿಂತು, ಅಂಗೈ ಚಪ್ಪಟೆಯಾಗಿ ಕಲ್ಲುಗಳ ಮೇಲೆ ಹರಿಯತೊಡಗಿತು.

ಹೆಂಡತಿ ನಡಿಗೆಯನ್ನು ನಿಧಾನ ಮಾಡಿದಳು. ಅಪ್ಪನ ತೋಳು ತನ್ನ ಕುತ್ತಿಗೆಯ ಮೇಲೆ ಹಗುರವಾದದ್ದು ಅವಳಿಗೆ ತಿಳಿಯಿತು. ತಿರುಗಿ ನೋಡಿದಳು. ಅಪ್ಪ ಕಣ್ಣು ಅರೆಮುಚ್ಚಿದ್ದರು.

ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ಅಭ್ಯಾಸವಿಲ್ಲದ ಎಡಗೈ ಮೊದಮೊದಲು ತಡವರಿಸಿತು. ಸಂದುಗಳಲ್ಲಿ ಬೆರಳು ಸಿಕ್ಕಿಕೊಂಡಿತು. ಬರಬರುತ್ತ ಸಲೀಸಾಯಿತು. ತಲೆಗಲ್ಲನ್ನು ತೊಡೆಯ ಮೇಲೆ ಆನಿಸಿಕೊಂಡು ನಿಂತಿದ್ದ ಎಡಚ ಅದನ್ನು ಕಂಡವನು, ಸದ್ದಾಗದ ಹಾಗೆ ಹುಲ್ಲಿನ ಮೇಲೆ ಇಳಿಸಿದ. ಟ್ರ್ಯಾಕ್ಟರಿನವನು ಏನೋ ಹೇಳಲು ಬಾಯಿ ತೆರೆದ. ಎಡಚ ಅವನ ತೋಳು ಹಿಡಿದ.

ಅಂಗೈ ಕೆಂಪು ಕಲ್ಲಿಗೆ ಬಂತು. ಅದರ ನಯವಾದ ಮೈ ಮೇಲೆ ಒಂದಿಷ್ಟು ದೂರ ಹೋಯಿತು. ಹೋಯಿತು, ಇನ್ನೂ ಅದೇ ಕಲ್ಲು. ನಿಂತಿತು. ದೊಡ್ಡ ಮೇಸ್ತ್ರಿ ಕಣ್ಣು ಬಿಟ್ಟರು. ಕೈಯನ್ನು ಹಿಂದಕ್ಕೆ ತಂದು ಕಲ್ಲಿನ ಈ ತುದಿ ಹಿಡಿದರು, ಆ ತುದಿಗೆ ಚಾಚಿದರು. ಗೇಣು ಹಾಕಿ ಅಳೆದರು. ಬೆರಳಿನ ಗೆಣ್ಣಿನಿಂದ ನಡುವೆ ತಟ್ಟಿ ಕಿವಿ ಕೊಟ್ಟರು. ಪಕ್ಕದ ಕಲ್ಲನ್ನು ತಟ್ಟಿದರು. ಅದು ಸದ್ದೇ ಕೊಡಲಿಲ್ಲ. ಮತ್ತೆ ಇದನ್ನು ತಟ್ಟಿದರು. ಒಳಗೆಲ್ಲೋ ಚಕ್ಕೆಯೊಂದು ಜಾರಿದ ಸದ್ದು ಎಲ್ಲರಿಗೂ ಕೇಳಿತು.

ಅವರು ಅಳಿಯನ ಕಡೆ ತಿರುಗಿದರು. ಕುತ್ತಿಗೆಯ ನರ ಉಬ್ಬಿತ್ತು.

"ಚೆನ್ನಾಗಿದೆ," ಅಂದರು. ಅಂಗೈಯಿಂದ ಕಲ್ಲಿನ ಕೆನ್ನೆಗೆ ಒಂದು ಬಾರಿಸಿದರು. "ಚೆನ್ನಾಗಿದೆ. ಚೆನ್ನಾಗಿದೆ. ಚೆನ್ನಾಗಿದೆ." ಕೊನೆಯದರ ಜೊತೆಗೆ ಪಕ್ಕಕ್ಕೆ ಉಗುಳಿದರು. ಆಮೇಲೆ ಎಡಚನ ಎಡಗೈಯನ್ನು ಬೆರಳು ಮಾಡಿ ತೋರಿಸಿ, ಇನ್ನೊಂದು ಸಲ ಅಂದರು.

ಟ್ರ್ಯಾಕ್ಟರಿನವನು ಎರಡು ಹೆಜ್ಜೆ ಹಿಂದಕ್ಕೆ ಸರಿದ. ಎಡಚನ ಹೆಂಡತಿ ಅಪ್ಪನ ತೋಳಿನ ಅಡಿಯಲ್ಲೇ ಮುಖ ತಗ್ಗಿಸಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ನಗುತ್ತಿದ್ದಾಳೆಂದು ಗೊತ್ತಾದದ್ದು ಅವಳು ತಲೆ ಎತ್ತಿದ ಮೇಲೆ. ಕಣ್ಣು ಮಾತ್ರ ತುಂಬಿತ್ತು.

"ನಿನ್ನ ಪುಸ್ತಕದಲ್ಲಿ ಇದು ಯಾವುದೇ?" ಎಂದು ತನ್ನ ಮಗಳನ್ನು ಕೇಳಿದಳು.

"ಎಲ್ಲಾನೂ ಅಮ್ಮ," ಅಂದಳು ಹುಡುಗಿ. "ಒಂದೇ ಸಲಕ್ಕೆ."

ಎಡಚ ಆಗಲೇ ಹಾರೆ ತಂದಿದ್ದ. ಮೇಲಿನ ವರಸೆಯ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಬಂದ ಸಾಲಿನಲ್ಲೇ ಹುಲ್ಲಿನ ಮೇಲೆ ಜೋಡಿಸತೊಡಗಿದ. ಯಜಮಾನರು ಗಾಬರಿಯಿಂದ ಹತ್ತಿರ ಬಂದರು. "ಅಯ್ಯೋ, ಅದನ್ಯಾಕೆ ಕೀಳ್ತೀಯಪ್ಪ? ಇಡೀ ಗೋಡೇಲಿ ಅದೇ ಚೆನ್ನಾಗಿರೋದು. ಅವರೂ ಹಾಗೇ ಅಂತಿದಾರಲ್ಲ?"

"ಅವರು ಹಾಗಂತಿಲ್ಲ ಯಜಮಾನ್ರೇ," ಅಂದ ಎಡಚ. ಅವನ ಮುಖದಲ್ಲಿ ನಗು ನಿಲ್ಲುತ್ತಿರಲಿಲ್ಲ. ಬೈಸಿಕೊಂಡವನು ಹೀಗೆ ನಗುವುದನ್ನು ಯಜಮಾನರು ಎಲ್ಲೂ ಕಂಡಿರಲಿಲ್ಲ.

ಕೆಂಪು ಕಲ್ಲನ್ನು ಹಾರೆಯಲ್ಲಿ ಮೀಟಿ ಈಚೆ ತಂದಾಗ ಅದರ ಹಿಂದೆ ಮುಷ್ಟಿ ಹೋಗುವಷ್ಟು ಪೊಳ್ಳಿತ್ತು. ತುಂಬಿದ ಚಕ್ಕೆಗಳೆಲ್ಲ ಕೆಳಕ್ಕೆ ಕುಸಿದಿದ್ದವು. ಯಜಮಾನರು ಬಗ್ಗಿ ಒಳಗೆ ಇಣುಕಿದರು. "ಓಹೋ," ಅಂದರು.

"ಉಡುಗೊರೆ ಕೊಟ್ಟೋನದೂ ತಪ್ಪಿದೆ ಇದರಲ್ಲಿ," ಅಂದ ಟ್ರ್ಯಾಕ್ಟರಿನವನು, ದೊಡ್ಡ ಮೇಸ್ತ್ರಿಗೆ ಕೇಳದಷ್ಟು ಮೆಲ್ಲಗೆ. "ನನಗೂ ಬೀಳೋದ್ರೊಳಗೆ ಹೊರಡ್ಲಾ?"

"ಹೊರಟ್ರೆ ಈ ಕಲ್ಲನ್ನ ಯಾರು ಹಿಡಿಯೋದು? ಹಿಡಿ."

ದೊಡ್ಡ ಮೇಸ್ತ್ರಿ ಮನೆಗೆ ಹೋಗಲು ಒಪ್ಪಲಿಲ್ಲ. ಮಗಳು ಎಳೆದರೆ ಕಾಲು ಊರಿ ನಿಂತುಬಿಟ್ಟರು. ಟ್ರೇಲರಿನಿಂದ ಕುರ್ಚಿ ಬಿಚ್ಚಿ ತಂದು ಗೋಡೆಯ ಎದುರಿಗೆ ಹಾಕಬೇಕಾಯಿತು. ಮಧ್ಯಾಹ್ನದ ಊಟ ಅಲ್ಲಿಗೇ ಬಂತು. ಎಡಚ ಪೊಳ್ಳನ್ನು ತುಂಬಿದ, ಚಕ್ಕೆಗಳನ್ನು ಒಂದೊಂದಾಗಿ ಬಡಿದು ಕೂರಿಸಿದ. ಅವನು ಎಲ್ಲಾದರೂ ಅವಸರ ಮಾಡಿದರೆ ಕುರ್ಚಿಯಿಂದ ಒಂದು ಚೆನ್ನಾಗಿದೆ ಬಂದು ಬೆನ್ನಿಗೆ ಬೀಳುತ್ತಿತ್ತು. ಹೊತ್ತು ಇಳಿಯುತ್ತಿದ್ದ ಹಾಗೆ ಅವನೂ ಟ್ರ್ಯಾಕ್ಟರಿನವನೂ ಸೇರಿ ಕೆಂಪು ಕಲ್ಲನ್ನು ಎತ್ತಿ, ತಿರುಗಿಸಿ, ತುದಿ ಮುಂದಾಗಿ ಗೋಡೆಯ ಒಳಕ್ಕೆ ನೂಕಿದರು. ಅದು ಆ ಮುಖದವರೆಗೂ ಹೋಗಿ ಕೂತಿತು; ಖಾಲಿಯಾದ ಅಕ್ಕಪಕ್ಕಕ್ಕೆ ಬೇರೆ ಕಲ್ಲು ಬಂದವು. ಇತ್ತ ಕಾಣುತ್ತಿದ್ದದ್ದು ಅಂಗೈಯಷ್ಟು ಕೆಂಪು, ಅದರ ನಡುವೆ ಬಿಳಿಯ ಒಂದು ಚುಕ್ಕೆ.

ಮೇಲಿನ ವರಸೆ ಮತ್ತೆ ಬಂತು. ಅದರ ಮೇಲೆ ಮೊದಲ ತಲೆಗಲ್ಲೂ ಕೂತಿತು.

ಬೆಳಗಿನ ಚಹಾ ಎಂದೋ ಆರಿಹೋಗಿತ್ತು. ಹೆಂಡತಿ ಮೂರು ಕಲ್ಲು ಹೂಡಿ, ತೋಟದಲ್ಲಿ ಬಿದ್ದಿದ್ದ ಕಡ್ಡಿ ಆಯ್ದು ಉರಿ ಮಾಡಿ ಮತ್ತೆ ಬಿಸಿ ಮಾಡಿದಳು. ಮೊದಲ ಲೋಟವನ್ನು ಎಡಚ ತಾನೇ ಬಗ್ಗಿಸಿದ. ಎರಡೂ ಕೈಯಲ್ಲಿ ಹಿಡಿದು ಒಯ್ದು ಮಾವನ ಎಡಗೈಗೆ ಕೊಟ್ಟ. ದೊಡ್ಡ ಮೇಸ್ತ್ರಿ ಊದಿ ಊದಿ ಕುಡಿದರು. ಗಲ್ಲದ ಮೇಲೆ ಒಂದಿಷ್ಟು ಇಳಿಯಿತು. ಕುಡಿದಾದ ಮೇಲೆ ಮಗಳ ಹೆಗಲು ಹಿಡಿದು ಎದ್ದು, ಕಾಲು ಎಳೆಯುತ್ತ ಗೋಡೆಯ ಬಳಿ ಹೋಗಿ, ಲೋಟವನ್ನು ತಲೆಗಲ್ಲಿನ ಮೇಲೆ ಬೋರಲು ಹಾಕಿದರು.

ಲೋಟ ನಿಲ್ಲಲಿಲ್ಲ. ಟಕ್ಕೆಂದು ಒಂದು ಪಕ್ಕಕ್ಕೆ ವಾಲಿತು, ಟಕ್ಕೆಂದು ಇನ್ನೊಂದು ಪಕ್ಕಕ್ಕೆ. ದೊಡ್ಡ ಮೇಸ್ತ್ರಿ ಅದನ್ನು ನೋಡಿದರು. ಬೆರಳಿನಿಂದ ಕಲ್ಲನ್ನು ಅದುಮಿ ನೋಡಿದರು, ಒಂದು ತುದಿಯಲ್ಲಿ, ಆಮೇಲೆ ಇನ್ನೊಂದು ತುದಿಯಲ್ಲಿ. ನಂತರ ನಿಧಾನಕ್ಕೆ ಅಳಿಯನ ಕಡೆ ತಿರುಗಿದರು.

ಅವರು ಬಾಯಿ ತೆರೆಯುವ ಮುಂಚೆಯೇ ಹೆಂಡತಿ ಕೆಟಲನ್ನು ಎತ್ತಿ ಕಿವಿಯ ಬಳಿ ಹಿಡಿದು, ಒಳಗೆ ಇನ್ನೂ ಚಹಾ ಉಳಿದಿದೆಯೇ ಎಂದು ಅಲುಗಿಸಿ ನೋಡಿದಳು.